ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು

28 ಮೇ 2025, ಬುಧವಾರ, ರೋಣ

ಹಿಂದಿನ ಎರಡೂ ಗಾಲಿಗಳ ಬ್ರೇಕು ಕೂಡಿಸುವ ಕೆಲಸ ನನ್ನದಾಯಿತು! ನನ್ನದೇ! ಮದುವೆಯಾಗಿ ಇನ್ನೂ ಮೂರು ವಾರ ತುಂಬಿಲ್ಲ, ಅಂಗೈಯ ಮೆಹಂದಿ ಪೂರ್ತಿ ಅಳಿಸಿಲ್ಲ, ಆಗಲೇ ನನ್ನ ಮುತ್ತು ತನ್ನ ಕಾರಿನ ಅರ್ಧ ಜೀವವನ್ನು ನನ್ನ ಕೈಗೆ ಕೊಟ್ಟಿದ್ದಾನೆ. ಊರಿಗೆಲ್ಲ ಮುತ್ತಣ್ಣ, ನನಗೊಬ್ಬಳಿಗೆ ಮುತ್ತು. ಎದುರಿಗೆ 'ರೀ' ಅನ್ನಬೇಕು, ಇಲ್ಲಿ ಯಾರು ಕೇಳುತ್ತಾರೆ!

ಈ ಕಾರು ಕೊಂಡದ್ದಲ್ಲ, ಕಟ್ಟುತ್ತಿರುವುದು. ಮುತ್ತುವಿನದು ವೆಲ್ಡಿಂಗ್ ಅಂಗಡಿ, ಕಡಲೆ ಸೋಸುವ ಜರಡಿ ಮಾಡುತ್ತಾನೆ. ಬಿಡುವು ಸಿಕ್ಕಾಗಲೆಲ್ಲ ಮೂರು ವರ್ಷದಿಂದ ಹಿತ್ತಲಿನಲ್ಲಿ ಈ ಎರಡು ಸೀಟಿನ ಗಾಡಿ. ಕೊಲ್ಹಾಪುರದಿಂದ ಡಬ್ಬಿಗಳಲ್ಲಿ ಕಿಟ್ ಬಂದಿತ್ತಂತೆ: ಕಬ್ಬಿಣದ ಹಂದರ, ಫೈಬರಿನ ಮೈ, ಬ್ರೇಕಿನ ಸಾಮಾನು. ಎಂಜಿನ್ ಹಳೆಯ ವ್ಯಾನಿನದು. ಜೊತೆಗೆ ತೊಂಬತ್ತು ಪುಟದ ಇಂಗ್ಲಿಷ್ ಪುಸ್ತಿಕೆ. ಅದನ್ನು ಈ ಮನೆಯಲ್ಲಿ ಯಾರೂ ಓದಿರಲಿಲ್ಲ. ಮುತ್ತು ಬರೀ ಚಿತ್ರ ನೋಡಿ ಇಷ್ಟೆಲ್ಲ ಕಟ್ಟಿದ್ದಾನೆ! ಈಗ ನಾನು ಗಟ್ಟಿಯಾಗಿ ಓದುತ್ತೇನೆ, ಕನ್ನಡದಲ್ಲಿ ಹೇಳುತ್ತೇನೆ, ಅವನು ಪಾನಾ ತಿರುಗಿಸುತ್ತಾನೆ. ನನ್ನ ಕಾನ್ವೆಂಟ್ ಸಾಲಿ ಇದಕ್ಕೇ ಇತ್ತೇನೋ ಅನ್ನಿಸುತ್ತದೆ.

ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಅಂದ, "ಏ ರಾಜಿ, ಹಿಂದಿನ ಬ್ರೇಕ್ ನೀನ ಕೂಡಸ."

"ನಾನಾ? ಖರೇನ್ರಿ?"

"ಓದಾಕಿ ನೀ. ತಿಳಿಯೂದು ನಿನಗ. ನಾ ವೈರಿಂಗ್ ನೋಡ್ಕೋತೀನಿ."

ಅತ್ತೆ ಮಾನವ್ವ ರೊಟ್ಟಿ ಬಡಿಯುತ್ತಾ ನಕ್ಕರು. "ಹೊಸಾ ಸೊಸಿ ಬಂದು ಮನಿಗೆ ದೀಪಾ ಹಚ್ಚತಾಳಂತಾರ, ನಮ್ಮಾಕಿ ಬ್ರೇಕ್ ಹಚ್ಚತಾಳ."

ಮುತ್ತು ನಕ್ಕ. ನಾನಂತೂ ತಾಟು ಕೆಳಗಿಟ್ಟು ನಕ್ಕೆ. ಎಂಥ ಮನೆಗೆ ಬಂದೆ ನಾನು!

31 ಮೇ, ಶನಿವಾರ

ಇಡೀ ಮಧ್ಯಾಹ್ನ ಬ್ರೇಕಿನ ಅಧ್ಯಾಯ ಓದಿದೆ. ಮೂರು ಸಲ. ಡ್ರಮ್ ಅನ್ನುವುದು ಬೋಗುಣಿಯಂಥದು, ಗಾಲಿಯ ಜೊತೆ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರದ ಎರಡು ಪಟ್ಟಿಗಳು, ಅವಕ್ಕೆ ಶೂ ಅನ್ನುತ್ತಾರೆ. ಕಾಲಿನಿಂದ ಒತ್ತಿದರೆ ಶೂಗಳು ಅಗಲವಾಗಿ ಬೋಗುಣಿಯ ಒಳಮೈಗೆ ತಾಗುತ್ತವೆ, ಗಾಡಿ ನಿಲ್ಲುತ್ತದೆ. ಎಷ್ಟು ಸರಳ!

ಸರಳವಲ್ಲದ್ದು ಅಡ್ಜಸ್ಟರ್. ಬೆರಳುದ್ದದ ಸ್ಕ್ರೂ, ನಡುವೆ ಹಲ್ಲಿನ ಪುಟ್ಟ ಚಕ್ರ. ಶೂ ಸವೆದಂತೆಲ್ಲ ಇದು ತಾನೇ ಕೂದಲೆಳೆಯಷ್ಟು ತಿರುಗಿ ಉದ್ದವಾಗಿ ಸವೆತವನ್ನು ತುಂಬಿಕೊಡುತ್ತದೆ. ಆದರೆ ಎಡಗಾಲಿಯದರ ಸುತ್ತು ಒಂದು ದಿಕ್ಕು, ಬಲಗಾಲಿಯದರದು ಇನ್ನೊಂದು. ಅದಲು ಬದಲಾದರೂ ಕೂಡುತ್ತದೆ, ಏನೂ ಗೊತ್ತಾಗುವುದಿಲ್ಲ. ಆದರೆ ಉದ್ದವಾಗುವ ಬದಲು ಗಿಡ್ಡವಾಗುತ್ತಾ ಹೋಗುತ್ತದೆ. ದಿನದಿನಕ್ಕೆ ಬ್ರೇಕು ಸಡಿಲ. ಪುಸ್ತಿಕೆಯಲ್ಲಿ ಇದನ್ನು ಚೌಕ ಹಾಕಿ ಬರೆದಿದ್ದಾರೆ.

ಸಂಜೆ ಜಮಾಲಸಾಬರು ಚಹಾಕ್ಕೆ ಬಂದಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಅವರ ಗ್ಯಾರೇಜು. ಮುತ್ತು ಕೆಲಸ ಕಲಿತದ್ದು ಅವರ ಕೈಯಲ್ಲೇ. ನಾನು ಹೇಳಿದ್ದನ್ನೆಲ್ಲ ತಲೆ ಆಡಿಸುತ್ತಾ ಕೇಳಿದರು.

"ಒಂದ ಮಾತ ನೆನಪಿಡ ಯವ್ವಾ. ಎರಡೂ ಕಡೀದು ಒಮ್ಮೆ ಹರವ್ಕೊಂಡ ಕೂಡಬ್ಯಾಡ. ಒಂದ ಗಾಲಿ ಮುಗಸಿ, ಕೈ ತೊಳ್ಕೊಂಡು, ಚಾ ಕುಡದು, ಆಮ್ಯಾಲ ಇನ್ನೊಂದರ ಡಬ್ಬಿ ತಗಿ."

"ಚಾ ಯಾಕ್ರಿ ಕಾಕಾ?"

"ಚಾ ಕುಡಿಯೂ ನೆವಕ್ಕ ಬಂದೀನಲ್ಲ ನಾ," ಅಂದರು. ಮುತ್ತು ನಕ್ಕೂ ನಕ್ಕೂ ಸುಸ್ತಾದ.

3 ಜೂನ್, ಮಂಗಳವಾರ

ಎಡಗಾಲಿ ಮುಗಿಯಿತು!!

ಸ್ಪ್ರಿಂಗ್ ಎರಡು ಸಲ ಹಾರಿ ಬೇವಿನ ಗಿಡದ ಬುಡಕ್ಕೆ ಬಿತ್ತು. ಹೆಬ್ಬೆರಳಿಗೆ ತರಚಿದೆ, ಪರವಾಗಿಲ್ಲ. ಕೊನೆಗೆ ಇಕ್ಕಳದಲ್ಲಿ ಎಳೆದು ತೂತಿಗೆ ಸಿಕ್ಕಿಸಿದಾಗ 'ಟಕ್' ಅಂತು ನೋಡಿ, ಆ ಸದ್ದಿಗೆ ಹಿಗ್ಗಿದಷ್ಟು ನಾನು ಮದುವೆಯ ದಿನ ಕೂಡ ಹಿಗ್ಗಿರಲಿಲ್ಲ. (ಇದನ್ನು ಮುತ್ತುವಿಗೆ ಹೇಳಬಾರದು.)

5 ಜೂನ್, ಗುರುವಾರ

ಬಲಗಾಲಿಯೂ ಆಯಿತು. ಅಡ್ಜಸ್ಟರಿನ ಮೇಲೆ L, R ಎಂದು ಕೆತ್ತಿದ್ದಾರೆ, ಅಕ್ಷರಗಳು ಸಾಸಿವೆಯಷ್ಟು. ಮುಂದೆ ಯಾವಾಗಲೋ ಬಿಚ್ಚಿದಾಗ ಗೊಂದಲವಾಗಬಾರದೆಂದು ನನ್ನ ಉಗುರಿನ ಬಣ್ಣದಿಂದ ಗುರುತು ಮಾಡಿದೆ. ಎಡದ್ದಕ್ಕೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು. ಮದುವೆಗೆಂದು ತಂದ ಕೆಂಪು. ಡ್ರಮ್ ಮುಚ್ಚುವ ಮುಂಚೆ ಒಂದು ನಿಮಿಷ ಸುಮ್ಮನೆ ನೋಡುತ್ತಾ ಕುಳಿತಿದ್ದೆ. ಕಬ್ಬಿಣದ ನಡುವೆ ನನ್ನ ಕೆಂಪು ಚುಕ್ಕೆಗಳು ಎಷ್ಟು ಚಂದ ಕಂಡವು!

ಮುತ್ತು ಬಂದು ಗಾಲಿ ತಿರುಗಿಸಿ ನೋಡಿ, "ಶಾಬಾಶ್ ಮೇಡಮ್ಮಾರ" ಅಂದ. ರಾತ್ರಿ ಊಟಕ್ಕೆ ನನ್ನ ತಾಟಿಗೆ ತಾನೇ ತುಪ್ಪ ಬಡಿಸಿದ.

8 ಜೂನ್, ಭಾನುವಾರ

ಎಂಥ ದಿನ! ಅತ್ತೆ ನನ್ನೊಬ್ಬಳನ್ನೇ ಕರೆದುಕೊಂಡು ಗಜೇಂದ್ರಗಡಕ್ಕೆ ಹೋಗಿದ್ದರು. ಇದ್ದಕ್ಕಿದ್ದಂತೆ, "ನಡೀ, ಬಳಿ ಇಡಸ್ಕೊಂಡ ಬರೂಣು" ಅಂದರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದೆವು. ಡಜನ್ ಹಸಿರು ಬಳೆ, ಜೊತೆಗೆ ಒಂದು ಖಣ. ಸಂಬಂಧಿಕರ ಮನೆಯಲ್ಲಿ ಊಟ, ಅಲ್ಲೆಲ್ಲ "ನನ್ನ ಸೊಸಿ ಭಾಳ ಶಾಣ್ಯಾಕಿ" ಅಂತ ಹೇಳಿಕೊಂಡು ತಿರುಗಿದರು. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದರು. ತವರಿನಲ್ಲಿ ಅವ್ವನೂ ಹೀಗೆ ನನಗೊಬ್ಬಳಿಗೇ ಎಂದು ಒಂದು ದಿನ ಕೊಟ್ಟದ್ದು ನೆನಪಿಲ್ಲ.

11 ಜೂನ್, ಬುಧವಾರ

ಕಾರಹುಣ್ಣಿಮೆ. ಓಣಿಯಲ್ಲಿ ಎತ್ತುಗಳಿಗೆ ಬಣ್ಣ, ನಮ್ಮ ಹಿತ್ತಲಿನಲ್ಲಿ ಕಾರಿಗೆ ಪೂಜೆ. ಆರ್‌ಟಿಓ ಪಾಸಿಂಗ್ ಇನ್ನೂ ಆಗಿಲ್ಲ, ಆದರೂ ಮುಶಿಗೇರಿ ಕಡೆಯ ಹೊಲದ ದಾರಿಯಲ್ಲಿ ಒಂದು ಸುತ್ತು ಹೊಡೆದದ್ದಾಯಿತು. ನಿಂತಿತು! ನಾನು ಕೂಡಿಸಿದ ಬ್ರೇಕಿಗೆ ಗಾಡಿ ನಿಂತಿತು!

ಓಣಿಯವರೆಲ್ಲ ನೆರೆದಿದ್ದರು. ಎದುರು ಮನೆಯ ಶಿವನಪ್ಪನವರು ಗಾಲಿಯ ಹತ್ತಿರ ಬಗ್ಗಿ ನೋಡಿ, "ಬ್ರೇಕ್ ಯಾರ ಕೂಡ್ಸ್ಯಾರೋ ಮುತ್ತಣ್ಣಾ?" ಅಂದರು. ನಾನು ಆರತಿ ತಾಟು ಹಿಡಿದು ನಿಂತಿದ್ದೆ. ಮುಖ ಆಗಲೇ ಕೆಂಪಾಗಿತ್ತು.

"ಜಮಾಲಸಾಬ್ರು," ಅಂದ ಮುತ್ತು. "ಅವರ ಕೈ ಅಂದಮ್ಯಾಲ ಹೆದರಿಕಿ ಇಲ್ಲ."

ಜಮಾಲಸಾಬರು ಅಲ್ಲೇ ಇದ್ದರು. ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಾ ನಿಂತರು.

ಆಮೇಲೆ ಮುತ್ತುವನ್ನು ಕೇಳಿದೆ. "ಹೊಸಾ ಸೊಸಿ ಕೂಡ್ಸ್ಯಾಳ ಅಂದ್ರ ಗಾಡ್ಯಾಗ ಯಾರರೆ ಕೂಡ್ತಾರೇನ, ಹುಚ್ಚಿ?" ಅಂದು ಕೆನ್ನೆ ಹಿಂಡಿದ. ಅದೂ ಖರೆಯೇ. ಜನಕ್ಕೆ ಏನು ಗೊತ್ತು. ನಮಗೆ ಗೊತ್ತಿದ್ದರೆ ಸಾಕು.

12 ಜೂನ್

ಸಾಕು ಅಂದೆ, ಆದರೆ ಬೆಳಿಗ್ಗೆಯಿಂದ ಅದೇ ನೆನಪಾಗುತ್ತಿದೆ. ನಾನು ಸಣ್ಣ ಮನಸ್ಸಿನವಳಾಗಬಾರದು.

24 ಜೂನ್, ಮಂಗಳವಾರ

ನಾಳೆ ಬಾಗಲಕೋಟೆಗೆ, ತವರಿಗೆ. ಆಷಾಢ ಬರುತ್ತಿದೆ. ಈ ತಿಂಗಳು ಹೊಸ ಸೊಸೆ ಅತ್ತೆಯ ಮನೆಯ ಹೊಸ್ತಿಲು ದಾಟಬಾರದು. ಆಮೇಲೆ ಪಂಚಮಿ ಮುಗಿಸಿಕೊಂಡೇ ಬರುವುದು. ಒಂದು ತಿಂಗಳಿಗೂ ಹೆಚ್ಚು! ಹೇಗಿರಲಿ? ಪುಸ್ತಿಕೆಯನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡಿದ್ದೇನೆ. ಮುತ್ತು ಕೆಲಸಕ್ಕೆ ಕುಳಿತಾಗ ಫೋನಿನಲ್ಲಿ ಓದಿ ಹೇಳುತ್ತೇನೆ.

3 ಜುಲೈ, ಗುರುವಾರ, ಬಾಗಲಕೋಟೆ

ದಿನಾ ಸಂಜೆ ಫೋನು. ಇವತ್ತು ಗಾಡಿ ಇಪ್ಪತ್ತು ಕಿಲೋಮೀಟರ್ ಓಡಿತಂತೆ. ಅವ್ವ ರೇಗಿಸುತ್ತಾಳೆ, "ಗಂಡಗ ಫೋನ್ ಮಾಡ್ತಿಯೋ, ಗಾಡಿಗೋ?" ನಾನು ಎರಡಕ್ಕೂ ಅಂದೆ.

9 ಜುಲೈ, ಬುಧವಾರ

ಮುತ್ತು ಫೋಟೋ ಕಳಿಸಿದ. ಡ್ರಮ್‌ಗಳಿಗೆ ಕೆಂಪು ಬಣ್ಣ ಬಳಿದಿದ್ದಾನೆ, ಗಾಲಿಯ ಕಿಂಡಿಯಿಂದ ಹೊಳೆಯಲಿ ಅಂತ. ಒಂದು ಡ್ರಮ್ ಬಿಚ್ಚಿ ಬೇವಿನ ಟೊಂಗೆಗೆ ಒಣಗಲು ನೇತುಹಾಕಿದ್ದಾನೆ. ಹಿಂದೆ ಗಾಲಿಯ ಒಳಭಾಗ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಕೆಲಸ ನೋಡುವ ಆಸೆಗೆ ದೊಡ್ಡದು ಮಾಡಿ ನೋಡಿದೆ.

ಪಕ್ಕದಲ್ಲಿ ಹೊಗೆ ಪೈಪು ಇದೆ. ಪೈಪು ಇರುವುದು ಎಡಗಡೆ ಮಾತ್ರ. ಆದರೆ ಅಡ್ಜಸ್ಟರಿನ ಮೇಲೆ ಎರಡು ಚುಕ್ಕೆ.

ಬೆರಳಿನಿಂದ ಪರದೆ ಒರೆಸಿ ಮತ್ತೆ ನೋಡಿದೆ. ಎರಡು.

10 ಜುಲೈ, ಗುರುವಾರ

ಬೆಳಿಗ್ಗೆಯೇ ಫೋನ್ ಮಾಡಿದೆ.

"ರೀ, ಒಳಗಿಂದು ಬಿಚ್ಚಿದ್ರೇನು?"

"ಇಲ್ಲ. ಬರೇ ಡ್ರಮ್ ತಗದೆ. ಯಾಕ?"

"ಎಡಕ ಬಲದ್ದು ಐತ್ರಿ. ನಾ ಚುಕ್ಕಿ ಇಟ್ಟಿದ್ದೆ."

"ಹಂಗಾರ ನೀನ ಹಂಗ ಹಾಕೀದಿ. ಮತ್ಯಾರ ಹಾಕ್ಬೇಕು?"

ನಾನೇ? ಒಂದನ್ನು ಮುಗಿಸಿ ಚಹಾ ಕುಡಿದೇ ಇನ್ನೊಂದರ ಡಬ್ಬಿ ತೆಗೆದಿದ್ದೆ. ಅಥವಾ ಚುಕ್ಕೆ ಇಡುವಾಗಲೇ ತಪ್ಪಿದೆನೋ? ಸಾಸಿವೆಯಷ್ಟು ಅಕ್ಷರ. ಶಾಬಾಶ್ ಅನ್ನಿಸಿಕೊಂಡು, ತುಪ್ಪ ಹಾಕಿಸಿಕೊಂಡು, ಅವರ ಪ್ರಾಣಕ್ಕೇ ಸಂಚಕಾರ ತಂದೆನಲ್ಲ. "ಈಗ್ಲೇ ಬದಲಿ ಮಾಡ್ರಿ" ಅಂದೆ. "ನೋಡೂಣ ಬಿಡ" ಅಂದರು.

ಮಧ್ಯಾಹ್ನ ಊಟ ಸೇರಲಿಲ್ಲ.

12 ಜುಲೈ, ಶನಿವಾರ

ಎರಡು ದಿನ ಅತ್ತು, ಇವತ್ತು ಜಮಾಲಸಾಬರಿಗೆ ಫೋನ್ ಮಾಡಿದೆ. ತಪ್ಪು ಒಪ್ಪಿಕೊಂಡು, ನೀವಾದರೂ ಸರಿಮಾಡಿ ಎಂದು ಕೇಳಿಕೊಳ್ಳಬೇಕೆಂದಿದ್ದೆ.

"ಕಾಕಾ, ನಾ ಎಡಾ ಬಲಾ ಅದಲಿ ಬದಲಿ ಹಾಕಿಬಿಟ್ಟೀನ್ರಿ."

"ಯಾರಂದ್ರವಾ ಹಂಗ?"

"ಅವರು."

"ನೀ ಹಾಕಿದ್ದು ಬರೋಬ್ಬರಿ ಇತ್ತು ಯವ್ವಾ. ನಾ ಕಣ್ಣಾರೆ ನೋಡೀನಿ. ಎಡಕ ಒಂದು, ಬಲಕ ಎರಡು. ನಕ್ಕಿದ್ದೆ ನಾ, ಹುಡುಗಿ ಮದುವಿ ಬಣ್ಣಾ ಹಚ್ಯಾಳ ಅಂತ."

ಒಂದೊಂದಾಗಿ ಹೇಳಿದರು. ಪೂಜೆಗೆ ಮೂರು ದಿನ ಮೊದಲು, ಭಾನುವಾರ, ನನ್ನ ಗಂಡ ಕಾಕಾನನ್ನು ಕರೆಸಿದ್ದರಂತೆ. ಆಗಲೇ ಎರಡೂ ಗಾಲಿ ಬಿಚ್ಚಿ, ಎಲ್ಲ ಸಾಮಾನು ಒಂದೇ ಗೋಣಿಚೀಲದ ಮೇಲೆ ಹರವಲು ತೊಡಗಿದ್ದರಂತೆ. "ಚಲೋ ಕೂಡ್ಸ್ಯಾಳ, ಹೆಂಗಿತ್ತೋ ಹಂಗ ಇಡು ಅಂದೆ. ಹೂಂ ಅಂದ. ನಾ ನಮಾಜಿಗೆ ಹೊಂಟ್ಹೋದೆ. ತಿರುಗಿ ಬರೂದ್ರಾಗ ಮುಚ್ಚಿದ್ದ."

"ಬಿಚ್ಚಿ ನೋಡೂದ ತಪ್ಪೇನ್ರಿ ಕಾಕಾ?"

"ತಪ್ಪಲ್ಲವಾ. ನಾನೂ ನನ್ನ ಕೆಲಸಾ ಎರಡ ಸಲ ನೋಡ್ತೀನಿ. ನಿನ್ನ ಮುಂದ ನೋಡಬೇಕಿತ್ತು." ಆಮೇಲೆ ಅಂದರು, "ಪೂಜಿ ದಿನಾ ನಾನೂ ಸುಮ್ನ ನಿಂತೆ. ಅದು ನನ್ನ ತಪ್ಪು."

ಈಗ ಅವರು ಸರಿಮಾಡುವ ಹಾಗಿಲ್ಲ. ಮೊನ್ನೆಯಷ್ಟೇ ಗದಗ ದವಾಖಾನೆಯಲ್ಲಿ ಕಣ್ಣಿನ ಆಪರೇಷನ್ ಆಗಿದೆ. ಬಗ್ಗಬಾರದು, ಧೂಳಿಗೆ ಹೋಗಬಾರದು. ಮುತ್ತಣ್ಣನಿಗೆ ಹೇಳಿ ನೋಡುತ್ತೇನೆ ಅಂದರು.

13 ಜುಲೈ

ಭಾನುವಾರ ಅಂದರೆ ಜೂನ್ ಎಂಟು. ನಾನು ಗಜೇಂದ್ರಗಡದಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದೆ.

14 ಜುಲೈ, ಸೋಮವಾರ

ಬಿಚ್ಚಿದ್ದಕ್ಕೆ ಇಷ್ಟು ಸಿಟ್ಟಿಲ್ಲ. ಎರಡು ದಿನ ನನ್ನನ್ನು ಅಳಲು ಬಿಟ್ಟರಲ್ಲ. ತಪ್ಪು ನನ್ನದಲ್ಲ ಅಂತ ಗೊತ್ತಿತ್ತು ಅವರಿಗೆ. ಫೋನಿನಲ್ಲಿ ಅಳುವುದು ಕೇಳಿಸುತ್ತಿತ್ತು ಕೂಡ. "ಹೋಗ್ಲಿ ಬಿಡ, ತಪ್ಪು ಎಲ್ಲಾರ್ಗೂ ಆಕ್ಕಾವು" ಅಂತ ನನ್ನನ್ನೇ ಕ್ಷಮಿಸಿದ್ದರು.

19 ಜುಲೈ, ಶನಿವಾರ

ಐದು ದಿನ ಫೋನ್ ಎತ್ತಲಿಲ್ಲ. ಮೈ ಹುಷಾರಿಲ್ಲ ಅಂತ ಅವ್ವನ ಕೈಲಿ ಹೇಳಿಸಿದ್ದೆ. ಇವತ್ತು ಎತ್ತಿದೆ.

ಏನೂ ಆಗಿಲ್ಲವೆಂಬಂತೆ ಮಾತು. ನರಗುಂದಕ್ಕೆ ಜರಡಿ ಮುಟ್ಟಿಸಲು ಹೋಗಿದ್ದು, ಮಳೆ, ಅಂಗಡಿ. ಆಮೇಲೆ, "ಗುರುವಾರ ಅಮಾಸಿ. ಅವ್ವನ್ನ ಗಾಡ್ಯಾಗ ಕುಂದ್ರಿಸ್ಕೊಂಡು ಗಜೇಂದ್ರಗಡಕ್ಕ, ಕಾಲಕಾಲೇಶ್ವರ ಗುಡಿಗೆ ಹೊಂಟೀನಿ. ಗುಡ್ಡದ ಮ್ಯಾಲಿನ ದಾರೀನೂ ಹತ್ತಿಸಿ ನೋಡೇಬಿಡ್ತೀನಿ."

"ಪೆಡಲ್ ಹ್ಯಾಂಗೈತ್ರಿ?"

"ಒಂದೀಟ ಕೆಳಗ ಹೋಗ್ತೈತಿ. ಹೊಸಾದೈತೆಲ್ಲ, ಕೂಡ್ತೈತಿ."

"ಮೊದಲಿಗಿಂತ ಎಷ್ಟ ಕೆಳಗ?"

"ಎರಡ ಬೆರಳ."

"ಅದಲಿ ಬದಲಿ ಆಗೈತ್ರಿ. ಒತ್ತಿದಷ್ಟೂ ಸಡ್ಲ ಆಗ್ತೈತಿ. ಇಳಿಜಾರಿಗೆ ಒಯ್ಯಬ್ಯಾಡ್ರಿ."

"ಅಲ್ಲಿ ಕುಂತ ಫೋಟೋ ನೋಡಿ ಹೇಳ್ತಿಯೇನ? ಜಮಾಲಸಾಬ್ರ ನೋಡ್ಯಾರ, ಎಲ್ಲಾ ಬರೋಬ್ಬರಿ ಐತಿ."

"ಯಾವಾಗ ನೋಡ್ಯಾರ?"

ನೆಟ್‌ವರ್ಕ್ ಇಲ್ಲ ಅಂದು ಇಟ್ಟರು. ಪುಸ್ತಿಕೆಯ ಆ ಚೌಕದ ಪುಟದ ಫೋಟೋ ತೆಗೆದು, ಕೆಳಗೆ ಕನ್ನಡದಲ್ಲಿ ಬರೆದು ಕಳಿಸಿದೆ. ನೋಡಿದ್ದಾರೆ, ನೀಲಿ ಗುರುತು ಬಂದಿದೆ.

ಅರ್ಥವಾಗುತ್ತಿದೆ. ಈಗ ಬಿಚ್ಚಿ ಸರಿಮಾಡಿದರೆ, ಮೊದಲು ಬಿಚ್ಚಿದ್ದನ್ನು ಒಪ್ಪಬೇಕು. ಅದಕ್ಕಿಂತ ಗುಡ್ಡ ಇಳಿಯುವುದು ಅವರಿಗೆ ಸುಲಭ.

20 ಜುಲೈ, ಭಾನುವಾರ

ಜಮಾಲಸಾಬರು ಫೋನ್ ಮಾಡಿದ್ದರು. "ಶುಕ್ರವಾರನ ಹೇಳಿ ನೋಡಿದೆ. 'ಬದಲಿ ಮಾಡೀನಿ ಕಾಕಾ' ಅಂದ. ನನಗ ಖರೇ ಅನಸ್ವಲ್ದು." ನನಗೂ ಅನ್ನಿಸಲಿಲ್ಲ.

21 ಜುಲೈ, ಸೋಮವಾರ

ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ.

"ಅತ್ತಿ, ಗುರುವಾರ ನೀವು ಗಾಡ್ಯಾಗ ಕೂಡಬ್ಯಾಡ್ರಿ. ಅವರನ್ನೂ ಕೂಡಗೊಡಬ್ಯಾಡ್ರಿ."

ಯಾಕೆಂದು ಹೇಳಿದೆ. ಪೂರ್ತಿ ಕೇಳಿದರು.

"ನೀ ತಪ್ಪ ಹಾಕೀದಿ ಅಂದ ಅವ."

"ನಾ ಬರೋಬ್ಬರಿ ಹಾಕಿದ್ನಿ. ನಾವು ಬಳಿ ಇಡಸ್ಕೊಳ್ಳಾಕ ಹೋದ ದಿನಾ ಅವರು ಬಿಚ್ಚ್ಯಾರ್ರಿ. ಜಮಾಲಸಾಬ್ರನ್ನ ಕೇಳ್ರಿ."

ಆ ಕಡೆ ಕೋಳಿ ಕೂಗುವುದು ಕೇಳುತ್ತಿತ್ತು.

"ನನಗ ಗೊತ್ತಿತ್ತವಾ," ಅಂದರು. "ಅಕಿ ಆಟಾ ಆಡ್ಲಿ, ಖುಷಿ ಪಡ್ಲಿ, ಆಮ್ಯಾಲ ನಾ ಬಿಚ್ಚಿ ಹಾಕ್ತೀನಿ, ನೀ ಒಂದಿನಾ ಹೊರಗ ಕರ್ಕೊಂಡ ಹೋಗಬೇ ಅಂದಿದ್ದ. ನಾನೂ ಹೂಂ ಅಂದೆ. ನಿನಗ ಗೊತ್ತಾಗೂದ್ಹ್ಯಾಂಗ ಅನಕೊಂಡಿದ್ವಿ."

ಬಳೆ, ಖಣ, ಹೆಗಲ ಮೇಲಿನ ತಲೆ, ಯಾವುದರ ಬಗ್ಗೆಯೂ ನಾನು ಕೇಳಲಿಲ್ಲ.

"ಬದಲಿ ಮಾಡೀನಿ ಅಂತಾನಲ್ಲ ಮತ್ತ," ಅಂದರು ಅತ್ತೆ.

"ಮಾಡಿಲ್ರಿ. ಮಾಡಿದ್ರ ಪೆಡಲ್ ಮ್ಯಾಲ ಬರ್ತಿತ್ತು."

"ಹಂಗಾರ ಯಾರ ಮಾಡ್ತಾರ? ಸಾಬ್ರ ಕಣ್ಣಿಗೆ ಪಟ್ಟಿ ಕಟ್ಯಾರ."

"ನಾ ಮಾಡ್ತೀನ್ರಿ."

"ಆಷಾಢ ಐತೆಲ್ಲವಾ!"

"ಹೊಸ್ತಿಲಾ ದಾಟಂಗಿಲ್ರಿ. ಹಿತ್ತಲ ಗೇಟಿನಿಂದ ಬಂದು, ಕೆಲಸಾ ಮುಗಿಸಿ, ಹಂಗ ತಿರುಗಿ ಹೋಗ್ತೀನಿ."

"ಹಿತ್ತಲಕ್ಕ ಹೊಸ್ತಿಲಿಲ್ಲ, ಅದು ಖರೇ. ರೊಟ್ಟಿ ಹಿತ್ತಲಿಗೇ ತಂದ ಕೊಡ್ತೀನಿ ತಗೋ."

"ಬ್ಯಾಡ್ರಿ ಅತ್ತಿ. ಕಟಗೊಂಡ ಬರ್ತೀನಿ."

ಅವ್ವ ಇದನ್ನೆಲ್ಲ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಆಷಾಢ, ಜನ, ಸಂಪ್ರದಾಯ ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದಳು. ಚೀಲಕ್ಕೆ ಪುಸ್ತಿಕೆ, ಇಕ್ಕಳ, ಹಳೆಯ ಚೂಡಿದಾರ ಹಾಕಿಕೊಂಡೆ.

ಮುತ್ತಣ್ಣನಿಗೆ ಮೆಸೇಜು ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಮೊದಲು ಎರಡು ಪುಟದಷ್ಟು ಬರೆದಿದ್ದೆ: ಯಾಕೆ ಹೀಗೆ ಮಾಡಿದಿರಿ, ನಾನು ನಿಮಗೆ ಏನಾಗಿದ್ದೆ, ಅಂತೆಲ್ಲ. ಅಳಿಸಿದೆ. ಬ್ರೇಕು ಸರಿಯಾಗುವವರೆಗೆ ಅವರು ಬದುಕಿರಬೇಕು, ಉಳಿದದ್ದನ್ನು ಆಮೇಲೆ ಎದುರಿಗೇ ಕೇಳಬಹುದು. ಕೊನೆಗೆ ಇಷ್ಟೇ ಕಳಿಸಿದೆ:

"ಗಾಡಿ ಹೊರಗ ತಗೀಬ್ಯಾಡ್ರಿ. ಹಿಂದಿನ ಎರಡೂ ಗಾಲಿ ತಗದು, ಹಂದರದ ಕೆಳಗ ಕಟ್ಟಿಗಿ ಕೊಟ್ಟು ಎತ್ತಿ ಇಟ್ಟಿರ್ರಿ. ಡ್ರಮ್ ಮುಟ್ಟಬ್ಯಾಡ್ರಿ. ಅವನ್ನ ನಾ ಬಿಚ್ಚತೀನಿ, ಒಂದಾದ ಮ್ಯಾಲ ಒಂದು, ನೀವು ಬಾಜೂಕ ಕುಂತ ನೋಡಬೇಕು. ಹೊಳೆಆಲೂರ ಸ್ಟೇಷನ್ನಿಗೆ ಯಾರೂ ಬರೂದ ಬ್ಯಾಡ, ಅಲ್ಲಿಂದ ಬಸ್ಸಿಗೆ ಬರ್ತೀನಿ. ನಾಡದ ಬುಧವಾರ, ಮುಂಜಾನಿ ಸೊಲ್ಲಾಪುರ–ಹುಬ್ಬಳ್ಳಿ ಪ್ಯಾಸೆಂಜರ್."